ಘಾಟಿನ ಬುಡದಲ್ಲಿ ಚಾವಿ ಕೇಳುವ ಕೆಲಸ

ಹೋದ ತಿಂಗಳು ಹೈದರಾಬಾದಿನ ಮಿಯಾಪುರದ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಒಬ್ಬಾಕೆ ಅನಿತಾ, ಇನ್ನೊಬ್ಬ ನವೀನ. ಇಬ್ಬರಿಗೂ ಇಪ್ಪತ್ತೈದರ ಆಸುಪಾಸು ವಯಸ್ಸು. ಬೆನ್ನಿಗೆ ಚೀಲ ಹಾಕಿಕೊಂಡು ದೇಶ ತಿರುಗುವ ಪ್ರವಾಸಿಗಳನ್ನು ಎಂಟು ದಿನ ಬೈಕಿನ ಮೇಲೆ ಗುಡ್ಡಗಾಡಿನಲ್ಲಿ ಸುತ್ತಾಡಿಸಿ ತರುವ ಕಂಪನಿಯೊಂದರಲ್ಲಿ ನಾನು ಇಪ್ಪತ್ತೊಂದು ವರ್ಷ ಇದ್ದೆ. ಈಗ ಅದೇ ಕೆಲಸಕ್ಕೆ ಇವರು ಗೈಡ್ ಆಗಿ ಸೇರಿದ್ದಾರೆ. "ಏನಾದರೂ ಟಿಪ್ಸ್ ಕೊಡಿ ಸರ್" ಅಂದರು. ನಾನು ಟೈರಿನ ಗಾಳಿ, ಬ್ರೇಕ್ ಆಯಿಲ್, ಮಳೆಗಾಲದಲ್ಲಿ ಚೈನಿಗೆ ಹಚ್ಚುವ ಗ್ರೀಸು ಅಂತ ಒಂದು ತಾಸು ಮಾತಾಡಿದೆ. ಅವರು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡು, ಚಹಾ ಕುಡಿದು, ಮೆಟ್ರೋ ಹಿಡಿದು ಹೋದರು.

ಅವರು ಹೋದ ಮೇಲೆ ನನ್ನ ಹೆಂಡತಿ ಮಹಾದೇವಿ ಕಪ್ಪು ಎತ್ತುತ್ತ ಹೇಳಿದಳು: "ನೀವು ಹೇಳಿದ್ದನ್ನೆಲ್ಲ ಯಾವ ಮೆಕ್ಯಾನಿಕ್ ಬೇಕಾದರೂ ಹೇಳತಾನ. ಹೇಳೂದು ಹೇಳಲೇ ಇಲ್ಲ ನೀವು."

"ಏನ ಹೇಳಬೇಕಿತ್ತು?"

"ಮಾರೇಡುಮಿಲ್ಲಿ ಘಾಟಿಂದು."

ಅವಳ ಮಾತು ನಿಜ. ಆದರೆ ಚಹಾದ ಜೊತೆ ಹೇಳುವ ವಿಷಯವಲ್ಲ ಅದು. ಅದಕ್ಕೇ ಬರೆಯಲು ಕೂತೆ. ಎರಡು ವರ್ಷದ ಹಿಂದೆ ಬಲಗೈಯ ಎರಡು ಬೆರಳಿಗೆ ಜೋಮು ಹಿಡಿಯತೊಡಗಿ, ಡಾಕ್ಟರು ಇನ್ನು ದೂರದ ಸವಾರಿ ಸಾಕು ಅಂದ ಮೇಲೆ ಕೆಲಸ ಬಿಟ್ಟೆ. ಪೆನ್ನು ಹಿಡಿದರೆ ಅರ್ಧ ತಾಸಿಗೆ ಕೈ ನಿಲ್ಲುತ್ತದೆ. ಆದ್ದರಿಂದ ಇದು ಅಲ್ಲಲ್ಲಿ ತುಂಡು ತುಂಡಾಗಿ ಕಂಡರೆ ಓದುವವರು ಸೈರಿಸಿಕೊಳ್ಳಬೇಕು.

ನನ್ನದು ಬೀದರ ಕಡೆಯ ಹುಮನಾಬಾದ. ಹೈದರಾಬಾದಿಗೆ ಬಂದದ್ದು ಗ್ಯಾರೇಜಿನ ಕೆಲಸಕ್ಕೆ. ನಾರಾಯಣಗೂಡದಲ್ಲಿ ಸೋದರಮಾವನ ಗ್ಯಾರೇಜ್ ಇತ್ತು. ಸುತ್ತಲೂ ಕಾಲೇಜು, ಕೋಚಿಂಗ್ ಕ್ಲಾಸು. ಪರೀಕ್ಷೆಯ ದಿನ ಮುಂಜಾನೆಯೇ ಕೆಟ್ಟು ನಿಲ್ಲುವ ಸ್ಕೂಟರುಗಳನ್ನು ರಿಪೇರಿ ಮಾಡುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಅಲ್ಲಿಗೆ ಇಲಿಯಾಸ್ ಭಾಯಿ ಅಂತ ಒಬ್ಬರು ತಮ್ಮ ಹಳೇ ಬುಲೆಟ್ ತರುತ್ತಿದ್ದರು. ಹಳೇ ಶಹರದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ತಾಯಿ ಕಲಬುರಗಿಯವರಾದ್ದರಿಂದ ನನ್ನ ಜೊತೆ ಕನ್ನಡವನ್ನೇ ಆಡುತ್ತಿದ್ದರು. ಅವರೇ ಆ ಪ್ರವಾಸಿ ಕಂಪನಿಯ ಮುಖ್ಯ ಗೈಡ್.

ಒಂದು ದಿನ ನಾನು ಕಾರ್ಬುರೇಟರ್ ಬಿಚ್ಚಿಟ್ಟುಕೊಂಡು ಕೂತಾಗ ಕೇಳಿದರು: "ಬಸವರಾಜ, ಗಾಡಿ ಬಿಚ್ಚಾಕ ಬರತೈತಿ ನಿನಗ. ಹೊಡ್ಯಾಕ ಬರತೈತೇನು?"

"ಬರತೈತಲ್ರಿ. ಭಾಳ ಜೋರ ಹೊಡೀತೀನಿ."

"ಜೋರ ಹೊಡ್ಯಾವ ಬ್ಯಾಡ ನನಗ. ಎಲ್ಲಾರ ಹಿಂದ ಉಳಿಯಾವ ಒಬ್ಬ ಬೇಕಾಗ್ಯಾನ."

ಹಾಗೆ ನಾನು ಕೊನೆಯ ಸವಾರನಾದೆ. ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಂಪಿನ ಮುಂದೆ ದಾರಿ ತೋರಿಸುವ ಗೈಡ್ ಇರುತ್ತಾನೆ, ನಡುವೆ ಆರೋ ಎಂಟೋ ಪ್ರವಾಸಿಗಳು, ಎಲ್ಲರ ಹಿಂದೆ ಕಂಪನಿಯ ಇನ್ನೊಬ್ಬ. ಅವನ ಹಿಂದೆ ಸಾಮಾನಿನ ವ್ಯಾನು. ಕೊನೆಯ ಸವಾರನಿಗೆ ಇರುವುದು ಒಂದೇ ನಿಯಮ: ಯಾರನ್ನೂ ದಾಟಿ ಹೋಗಬಾರದು. ಮುಂದಿನವನು ನಿಂತರೆ ನೀನೂ ನಿಲ್ಲಬೇಕು. ಅವನು ಕೆರೆಯ ದಂಡೆಯಲ್ಲಿ ಕೊಕ್ಕರೆಯ ಫೋಟೋ ತೆಗೆಯುತ್ತ ಮುಕ್ಕಾಲು ತಾಸು ಕೂತರೆ ನೀನೂ ಕೂಡಬೇಕು.

ಶಂಶಾಬಾದಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ದಾರಿ ಅಲ್ಲಿಂದ ಶುರುವಾಗುತ್ತಿತ್ತು. ವಿಮಾನ ಇಳಿದು ಬರುವವರಿಗೆ ಅನುಕೂಲವಾಗಲಿ ಅಂತ ಕಂಪನಿಯ ಶೆಡ್ಡು ಅಲ್ಲೇ ಹೆದ್ದಾರಿಯ ಪಕ್ಕದಲ್ಲಿತ್ತು. ಮೊದಲ ದಿನ ಖಮ್ಮಂ, ಎರಡನೆಯ ದಿನ ಕೊತ್ತಗೂಡೆಂ, ಭದ್ರಾಚಲಂ ದಾಟಿ ಚಿಂತೂರು. ಅಲ್ಲಿಯವರೆಗೆ ಬಯಲು. ಮೂರನೆಯ ದಿನ ಮುಂಜಾನೆ ಮಾರೇಡುಮಿಲ್ಲಿ ಘಾಟು ಹತ್ತಿದರೆ ಆಮೇಲೆ ಲಂಬಸಿಂಗಿ, ಪಾಡೇರು, ಅರಕು ತನಕ ಗುಡ್ಡವೇ ಗುಡ್ಡ. ಬಿದಿರಿನ ಮೆಳೆ, ತಿರುವು, ಮಂಜು, ಕಾಫಿ ತೋಟ.

ನನ್ನ ಮೊದಲ ತಪ್ಪು ಮೂರನೆಯ ಟ್ರಿಪ್ಪಿನಲ್ಲೇ ಆಯಿತು. ಹಾಲೆಂಡಿನ ಪೀಟರ್ ಅಂತ ಒಬ್ಬರು ಬಂದಿದ್ದರು, ಶಾಲಾ ಮಾಸ್ತರರು, ಅರವತ್ತು ದಾಟಿದವರು. ತಾಸಿಗೆ ಮೂವತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗುತ್ತಲೇ ಇರಲಿಲ್ಲ. ಎರಡು ದಿನ ಅವರ ಹಿಂದೆ ತೆವಳಿ ತೆವಳಿ ನನ್ನ ತಲೆ ಕೆಟ್ಟಿತ್ತು. ಚಿಂತೂರಿನ ಈಚೆಗೆ ನೇರ ರಸ್ತೆ ಸಿಕ್ಕಿತು. ಐದೇ ನಿಮಿಷ ಮುಂದೆ ಹೋಗಿ ನಿಂತು ಕಾಯೋಣ ಅಂದುಕೊಂಡು ಅವರನ್ನು ದಾಟಿದೆ. ಸೇತುವೆಯ ಹತ್ತಿರ ನಿಂತೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ತಾಸು ಆಯಿತು. ಪೀಟರ್ ಬರಲೇ ಇಲ್ಲ.

ವ್ಯಾನು ಡೀಸೆಲ್ ಹಾಕಿಸಲು ಹಿಂದೆಯೇ ಉಳಿದಿತ್ತು. ನಡುವೆ ಒಂದು ಕವಲು ಇತ್ತು. ಅವರು ಬಲಕ್ಕೆ ಹೋಗಿಬಿಟ್ಟಿದ್ದರು. ಮೂರು ತಾಸು ಹುಡುಕಿದೆವು. ಕೊನೆಗೆ ಕೋಯಾ ಬುಡಕಟ್ಟಿನವರ ಒಂದು ಹಾಡಿಯಲ್ಲಿ ಹುಣಸೆಮರದ ಕೆಳಗೆ ಮಂಚದ ಮೇಲೆ ಕೂತಿದ್ದರು. ಸುತ್ತಲೂ ಜನ. ಯಾರೋ ಕುಡಿಯಲು ಗಂಜಿ ಕೊಟ್ಟಿದ್ದರು. ನಗುತ್ತಿದ್ದರು, ಆದರೆ ನನ್ನನ್ನು ಕಂಡೊಡನೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ. ಆಗ ಗೊತ್ತಾಯಿತು, ಆ ಮನುಷ್ಯ ಮೂರು ತಾಸು ಎಷ್ಟು ಹೆದರಿದ್ದರು ಅಂತ.

ಇಲಿಯಾಸ್ ಭಾಯಿ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಮಾರನೆಯ ದಿನ ಮುಂಜಾನೆ ನನ್ನ ಬೈಕನ್ನು ವ್ಯಾನಿಗೆ ಏರಿಸಿಬಿಟ್ಟರು.

"ಇವತ್ತ ನೀನು ಪೀಟರ್ ಸಾಹೇಬರ ಗಾಡೀ ಮ್ಯಾಲ ಹಿಂದ ಕೂಡು."

"ಯಾಕ್ರಿ ಭಾಯಿ?"

"ಅವರಿಗೆ ರಸ್ತಾ ಹೆಂಗ ಕಾಣತೈತಿ, ಒಂದ ದಿನ ನೋಡಕೊಂಡ ಬಾ."

ಇಡೀ ದಿನ ಕೂತೆ. ಪ್ರತಿ ತಿರುವಿಗೂ ಆ ಮನುಷ್ಯನ ಬೆನ್ನು ಬಿಗಿಯುವುದು ನನ್ನ ಎದೆಗೆ ತಾಗುತ್ತಿತ್ತು. ಎದುರು ಲಾರಿ ಬಂದರೆ ಉಸಿರು ಹಿಡಿಯುತ್ತಿದ್ದರು. ಲಾರಿ ಹೋದ ಮೇಲೆ ಬಿಡುತ್ತಿದ್ದರು. ನಾನು ನಿಧಾನ ಅಂದುಕೊಂಡಿದ್ದು ಅವರ ಮಟ್ಟಿಗೆ ಇದ್ದ ಧೈರ್ಯವೆಲ್ಲ ಖರ್ಚು ಮಾಡಿ ಓಡಿಸುವ ವೇಗ. ಆ ದಿನದ ನಂತರ ಯಾರ ಹಿಂದೆಯೂ ನನಗೆ ಬೇಸರ ಬಂದಿಲ್ಲ.

ಆ ಕಾಲದಲ್ಲಿ ನಕ್ಷೆ ಇಲಿಯಾಸ್ ಭಾಯಿಯ ತಲೆಯಲ್ಲಿತ್ತು. ಪೀಟರ್ ಕಳೆದುಹೋದ ಮೇಲೆ ಅವರು ಒಂದು ಹೊಸ ಪದ್ಧತಿ ಮಾಡಿದರು. ಕವಲು ಬಂದಾಗ ಮುಂದಿದ್ದ ಗೈಡು ತನ್ನ ಹಿಂದಿನ ಸವಾರನನ್ನು ಅಲ್ಲಿ ನಿಲ್ಲಿಸುತ್ತಾನೆ. ಅವನು ಕೊನೆಯ ಸವಾರ ಬರುವವರೆಗೆ ಅಲ್ಲೇ ನಿಂತು ಬೇರೆಯವರಿಗೆ ಕೈತೋರಿಸಬೇಕು. ಹೀಗೆ ದಿನಕ್ಕೆ ಇಪ್ಪತ್ತು ಸಲ. ಜರ್ಮನಿಯವನು ಜಪಾನಿನವಳಿಗಾಗಿ ಬಿಸಿಲಲ್ಲಿ ಕಾಯುತ್ತ ನಿಲ್ಲುವುದು, ಅವಳು ಬಂದಾಗ ಕೈಬೀಸುವುದು. ಎರಡು ದಿನದಲ್ಲಿ ಪರಸ್ಪರ ಹೆಸರೇ ಗೊತ್ತಿಲ್ಲದವರು ಒಂದು ಮನೆಯವರ ಹಾಗೆ ಆಗುತ್ತಿದ್ದರು. ಆಮೇಲೆ ಫೋನಿನ ನಕ್ಷೆ ಬಂತು. ಅದಾದ ಮೇಲೆ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂತು. ಈಗ ಯಾರೂ ಯಾರಿಗೂ ಕಾಯುವುದಿಲ್ಲ. ಹಳೆಯದೇ ಚೆಂದವಿತ್ತು ಅಂತ ನಾನು ಹೇಳುವುದಿಲ್ಲ. ರೇಡಿಯೋ ಜೀವ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ರೇಡಿಯೋದಲ್ಲಿ ಮಾತು ಮಾತ್ರ ಕೇಳುತ್ತದೆ. ಮನುಷ್ಯ ತನಗೆ ಆರಾಮಿಲ್ಲ ಅಂತ ಬಾಯಿ ಬಿಟ್ಟು ಹೇಳುವುದು ಅಪರೂಪ. ಒಂದು ಮನೆಯವರ ಹಾಗೆ ಆದ ಮೇಲಂತೂ ಇನ್ನೂ ಅಪರೂಪ, ತನ್ನಿಂದ ಎಲ್ಲರಿಗೂ ತಡವಾಗಬಾರದು ಅಂತ.

ಈಗ ಮಹಾದೇವಿ ಹೇಳಿದ ವಿಷಯಕ್ಕೆ ಬರುತ್ತೇನೆ.

ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಇಲಿಯಾಸ್ ಭಾಯಿ ಮೊಣಕಾಲು ನೋವಿನಿಂದ ಕೆಲಸ ಬಿಟ್ಟಿದ್ದರು. ಈಗ ಗುಂಪಿನ ಮುಂದೆ ಹೋಗುವ ಗೈಡ್ ನಾನೇ. ಕೊನೆಯ ಸವಾರ ಶ್ರೀನು ಅಂತ, ವರಂಗಲ್ ಕಡೆಯ ತೆಲುಗಿನವನು. ಪ್ರವಾಸಿಗಳು ಆರು ಜನ. ಅದರಲ್ಲಿ ಡ್ಯಾನಿಯಲ್ ಅಂತ ಐರ್ಲೆಂಡಿನ ಬಡಗಿ, ಮೂವತ್ತರ ಒಳಗಿನವನು. ಮೊದಲ ದಿನವೇ ಎಲ್ಲರಿಗೂ ಅಚ್ಚುಮೆಚ್ಚಾದ. ಚಹಾದ ಅಂಗಡಿಯ ಬೆಂಚು ಅಲುಗಾಡುತ್ತಿದ್ದರೆ ಕೆಳಗೆ ಬಗ್ಗಿ ನೋಡಿ, ಕಲ್ಲಿನಿಂದ ನಾಲ್ಕು ಏಟು ಹೊಡೆದು ಸರಿಮಾಡಿಯೇ ಕೂಡುತ್ತಿದ್ದ. ನಾವು ನಿಂತಲ್ಲೆಲ್ಲ ಹೀಗೇ. ಜೊತೆಯ ಪ್ರವಾಸಿಗಳು ಬೆಂಚು ಎಣಿಸುತ್ತಿದ್ದರು.

ಎರಡನೆಯ ದಿನ ಅವನು ಎರಡು ಸಲ ಬೈಕು ನಿಲ್ಲಿಸಿ ಪೊದೆಯ ಹಿಂದೆ ಹೋಗಿ ಬಂದ. ಮೂರನೆಯ ದಿನ ಮುಂಜಾನೆ ಚಿಂತೂರಿನಲ್ಲಿ ಇಡ್ಲಿಗೆ ಕೂತೆವು. ಅವನು ತಟ್ಟೆಯಲ್ಲಿ ಚಟ್ನಿಯನ್ನು ಚಮಚೆಯಿಂದ ಕಲಸುತ್ತಿದ್ದನೇ ಹೊರತು ತಿನ್ನಲಿಲ್ಲ. ತುಟಿ ಒಣಗಿ ಬೆಳ್ಳಗಾಗಿತ್ತು. ಹೊರಗೆ ಬಂದು ಹೆಲ್ಮೆಟ್ ಹಾಕಿಕೊಂಡ. ಗದ್ದದ ಕೆಳಗಿನ ಪಟ್ಟಿ ಸಿಕ್ಕಿಸಲು ಮೂರು ಸಲ ಪ್ರಯತ್ನಿಸಿದ. ಬಡಗಿಯ ಕೈ, ಮೂರು ಸಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದೆ.

"ಆರಾಮ ಇದ್ದೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ.

ಹೆಬ್ಬೆರಳು ಎತ್ತಿ ತೋರಿಸಿದ.

ಉಳಿದ ಐದು ಜನ ಬೈಕು ಶುರು ಮಾಡಿಕೊಂಡು ನಿಂತಿದ್ದರು. ಬಿಸಿಲೇರುವ ಮೊದಲು ಘಾಟು ಹತ್ತಬೇಕು. ಹಿಂದಿನ ತಿಂಗಳು ಒಬ್ಬ ಪ್ರವಾಸಿ, ಗೈಡ್ ತನ್ನನ್ನು ಶಾಲೆಯ ಮಕ್ಕಳ ಹಾಗೆ ನಡೆಸಿಕೊಂಡ ಅಂತ ಇಂಟರ್ನೆಟ್ಟಿನಲ್ಲಿ ಬರೆದಿದ್ದರಿಂದ ನಮ್ಮ ಮಾಲೀಕರು ಪ್ರಸಾದ್ ಗಾರು ಬೇಜಾರಾಗಿದ್ದರು. ಇವೆಲ್ಲ ಒಟ್ಟಿಗೆ ತಲೆಯಲ್ಲಿ ಬಂದವು. ಹೆಬ್ಬೆರಳು ಸಾಕು ಅಂದುಕೊಂಡೆ. ಕಿಕ್ ಹೊಡೆದೆ.

ಮುಕ್ಕಾಲು ತಾಸಾಗಿತ್ತು. ಕಿವಿಯೊಳಗೆ ಶ್ರೀನುವಿನ ದನಿ ಬಂತು: "ಬಸು ಅನ್ನಾ, ಒಕ ಬಂಡಿ ಕಿಂದಕಿ ಪೋಯಿಂದಿ." ಒಂದು ಗಾಡಿ ಕೆಳಗೆ ಹೋಯಿತು. ಅವನು ಹೆಸರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ತಿರುವಿನಲ್ಲಿ ಬೈಕು ತಿರುಗಲೇ ಇಲ್ಲವಂತೆ. ಬ್ರೇಕ್ ಹಿಡಿದ ಗುರುತೂ ರಸ್ತೆಯ ಮೇಲೆ ಇರಲಿಲ್ಲ. ತಲೆ ತಿರುಗಿ, ಕಣ್ಣು ಕತ್ತಲಾಗಿ ನೇರ ಹೋಗಿದ್ದ. ಬೈಕು ಬಿದಿರಿನ ಮೆಳೆಗೆ ಸಿಕ್ಕಿಕೊಂಡಿತ್ತು. ಅವನು ಅದಕ್ಕಿಂತ ಕೆಳಗೆ, ಒಂದು ಮರದ ಬುಡಕ್ಕೆ ಒರಗಿ ಬಿದ್ದಿದ್ದ. ನಾನು ಇಳಿಯುವುದರೊಳಗೆ ಮೇಲಿನಿಂದ ಪೊರಕೆ ಹುಲ್ಲಿನ ಹೊರೆ ಹೊತ್ತ ನಾಲ್ಕು ಜನ ಹೆಂಗಸರು ಹೊರೆ ಬಿಸಾಕಿ ಬರಿಗಾಲಿನಲ್ಲಿ ಇಳಿದುಬಿಟ್ಟಿದ್ದರು. ನಾನು ಅವನ ಭುಜಕ್ಕೆ ಕೈ ಹಾಕಿ ಎತ್ತಲು ಹೋದೆ. ಅವರಲ್ಲಿ ಹಿರಿಯಳೊಬ್ಬಳು ನನ್ನ ಕೈ ಮೇಲೆ ಹೊಡೆದಳು. "ಕದಪಕು, ಕದಪಕು," ಅಂದಳು. ಅಲುಗಾಡಿಸಬೇಡ ಅಂತ. ಪ್ರಥಮ ಚಿಕಿತ್ಸೆ ಕಲಿತವನೆಂಬ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡವನು ನಾನು. ಬುದ್ಧಿ ಇದ್ದದ್ದು ಅವಳಿಗೆ. ಅವರೇ ಬಿದಿರು ಕಡಿದರು, ಒಬ್ಬಳು ಹೆಗಲ ಮೇಲೆ ಹೊದ್ದಿದ್ದ ಬಟ್ಟೆ ತೆಗೆದು ಕೊಟ್ಟಳು, ಡೋಲಿ ಕಟ್ಟಿ ಅವನನ್ನು ರಸ್ತೆಗೆ ತಂದೆವು. ಅವರ ಹೆಸರು ಕೇಳಬೇಕೆಂಬುದು ನನಗೆ ಹೊಳೆದದ್ದು ವ್ಯಾನು ಹತ್ತು ತಿರುವು ದಾಟಿದ ಮೇಲೆ.

ತೊಡೆಯ ಮೂಳೆ ಮುರಿದಿತ್ತು. ಅದು ಕೂಡುತ್ತದೆ ಅಂದರು. ಬಲಗೈಯ ಮಣಿಕಟ್ಟು ನುಚ್ಚಾಗಿತ್ತು. ಮೊದಲು ಮಾರೇಡುಮಿಲ್ಲಿಯಲ್ಲಿ ಪಟ್ಟಿ ಕಟ್ಟಿಸಿ, ಅಲ್ಲಿಂದ ರಾಜಮಹೇಂದ್ರವರದ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಎರಡು ಆಪರೇಷನ್ ಆದವು. ಗುಂಪನ್ನು ಶ್ರೀನು ಮುಂದೆ ಕರೆದುಕೊಂಡು ಹೋದ. ನಾನು ಆಸ್ಪತ್ರೆಯಲ್ಲೇ ಹನ್ನೊಂದು ದಿನ ಉಳಿದೆ.

ಐದನೆಯ ದಿನ ಮಧ್ಯಾಹ್ನ ಅವನು ಸ್ವಲ್ಪ ಗೆಲುವಾಗಿದ್ದ. ನರ್ಸು ಎಳನೀರು ಕೊಟ್ಟು ಹೋದಳು. ನನಗೆ ತಡೆಯಲಾಗಲಿಲ್ಲ.

"ಡ್ಯಾನಿಯಲ್, ಆ ದಿನ ನೀನು ಇಡ್ಲಿ ತಿನ್ನಲಿಲ್ಲ. ಹೆಲ್ಮೆಟ್ ಪಟ್ಟಿ ಹಾಕುವಾಗ ನಿನ್ನ ಕೈ ನಡುಗುತ್ತಿತ್ತು. ನಾನು ನೋಡಿದ್ದೆ."

ಅವನು ಎಳನೀರಿನ ಲೋಟವನ್ನು ಎಡಗೈಯಿಂದ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ, "ನೀವು ನೋಡಿದ್ದು ನನಗೆ ಗೊತ್ತಿತ್ತು."

ನಾನು ಅವನ ಹೊದಿಕೆ ಸರಿಮಾಡಿದೆ.

"ನಾನು ಹೆಬ್ಬೆರಳು ತೋರಿಸಿದ ಮೇಲೆ ನೀವು ಮತ್ತೇನೂ ಅನ್ನಲಿಲ್ಲ," ಅಂದ. "ಆಗ ನಿಮ್ಮ ಮೇಲೆ ತುಂಬಾ ಪ್ರೀತಿ ಬಂತು. ಈ ಮನುಷ್ಯ ನನ್ನನ್ನು ನಂಬಿದ್ದಾನೆ ಅಂತ."

"ಈಗ?"

ಅವನು ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡ. "ಈಗ, ನೀವು ಅನ್ನಬೇಕಿತ್ತು ಅನ್ನಿಸುತ್ತದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.

ಅವನ ಅಕ್ಕ ಬಂದು ಕರೆದುಕೊಂಡು ಹೋದಳು. ಏಳೆಂಟು ತಿಂಗಳ ಮೇಲೆ ಅವನ ಪತ್ರ ಬಂತು, ಎಡಗೈಯಲ್ಲಿ ಬರೆದದ್ದು. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ, ಉಳಿ ಹಿಡಿಯಲು ಆಗುವುದಿಲ್ಲ, ಮರದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಹಲಗೆ ಅಳೆದು ಕೊಡುವ ಕೆಲಸ ಸಿಕ್ಕಿದೆ, ಮರದ ವಾಸನೆಯಾದರೂ ಇದೆ ಅಂತ ಬರೆದಿದ್ದ. ಕಂಪನಿಯ ವರದಿಯಲ್ಲಿ ಅಪಘಾತಕ್ಕೆ ಕಾರಣ ಸವಾರನ ತಪ್ಪು ಅಂತ ಇತ್ತು. ನನ್ನಿಂದ ಸಹಿ ಕೇಳಿದರು, ಮಾಡಿದೆ. ಇಡ್ಲಿ ಅಂಗಡಿಯ ಮುಂದೆ ನಾನು ಕಂಡದ್ದು ಅದರಲ್ಲಿ ಇರಲಿಲ್ಲ. ಇವತ್ತು ಇಲ್ಲಿ ಬರೆದಿದ್ದೇನೆ.

ಕೆಲಸ ಬಿಡುತ್ತೇನೆ ಅಂತ ಹೇಳಲು ಇಲಿಯಾಸ್ ಭಾಯಿಯ ಮನೆಗೆ ಹೋದೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಎಲ್ಲ ಕೇಳಿದರು.

"ಬಿಡ್ತೀಯೇನು? ಬಿಡು. ನಾ ಬ್ಯಾಡ ಅನ್ನಂಗಿಲ್ಲ," ಅಂದರು. "ಆದರ ನಿನ್ನ ಜಾಗಾದಾಗ ಬರಾವಗ ಇದು ಗೊತ್ತಿರೂದಿಲ್ಲ. ಅವನೂ ಒಬ್ಬನ್ನ ಕೆಳಗ ಬೀಳಿಸೇ ಕಲೀಬೇಕೇನು?"

ನಾನು ಬಿಡಲಿಲ್ಲ. ಆದರೆ ಆ ನಂತರ ಚಿಂತೂರಿನಲ್ಲಿ, ಘಾಟು ಹತ್ತುವ ಮುಂಚೆ, ಒಂದು ಕೆಲಸ ರೂಢಿ ಮಾಡಿಕೊಂಡೆ. ಎಲ್ಲರ ಕೈಗವಸು ತೆಗೆಸಿ, ಒಬ್ಬೊಬ್ಬರ ಕೈ ಹಿಡಿದು ಕುಲುಕಿ, ಕಣ್ಣು ನೋಡಿ ಹೆಸರು ಕೇಳುತ್ತಿದ್ದೆ. ಅದೇನೋ ನಮ್ಮ ಕಡೆಯ ಸಂಪ್ರದಾಯ ಅಂತ ಪ್ರವಾಸಿಗಳು ತಿಳಿದುಕೊಂಡಿದ್ದರು. ಜ್ವರ, ನಡುಕ, ಬೆವರು, ಹಿಂದಿನ ದಿನದ ಕುಡಿತ, ಎಲ್ಲ ಕೈಯಲ್ಲಿ ಗೊತ್ತಾಗುತ್ತದೆ. ಬಾಯಲ್ಲಿ ಗೊತ್ತಾಗುವುದಿಲ್ಲ. ಹೆಚ್ಚಿನ ದಿನ ಏನೂ ಇರುತ್ತಿರಲಿಲ್ಲ. ಒಂದೆರಡು ಸಲ ಹೊಟ್ಟೆ ಕೆಟ್ಟವರನ್ನು ವ್ಯಾನಿನಲ್ಲಿ ಕೂಡಿಸಿದೆ, ಅವರೂ ಸಂತೋಷದಿಂದಲೇ ಕೂತರು. ಹಾಗೆ ಸುಲಭದ್ದೇ ಬಂದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ನಾನು ಕೆಲಸ ಬಿಡುವುದಕ್ಕೆ ಐದು ವರ್ಷ ಮುಂಚೆ ಒಂದು ಟ್ರಿಪ್ಪಿಗೆ ಮಹಾಂತೇಶ ಸಾಹೇಬರು ಬಂದರು. ಬೈಲಹೊಂಗಲದ ಕಡೆಯವರು, ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಐವತ್ತಾರು ವಯಸ್ಸು. ಉಳಿದ ಐವರು ವಿದೇಶಿ ಹುಡುಗ ಹುಡುಗಿಯರು. ನಮ್ಮ ದೇಶದವರು, ಅದರಲ್ಲೂ ಕನ್ನಡದವರು ಬಂದದ್ದು ನನ್ನ ಅಷ್ಟೂ ವರ್ಷದಲ್ಲಿ ಅದೇ ಮೊದಲು. ಶಂಶಾಬಾದಿನ ಶೆಡ್ಡಿನಲ್ಲಿ ನನ್ನ ಮಾತು ಕೇಳಿದವರೇ, "ಯಾ ಕಡೆಯಾಂವೋ ನೀನು?" ಅಂದರು. ಖಮ್ಮಂ ದಾರಿಯಲ್ಲಿ ಊಟಕ್ಕೆ ನಿಂತಾಗ ಚೀಲದಿಂದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಎಲ್ಲರಿಗೂ ಹಂಚಿದರು. ರೊಟ್ಟಿ ಮುರಿಯುವ ಸದ್ದಿಗೆ ಆ ಹುಡುಗರು ನಕ್ಕರು. ಸಂಜೆಯ ಹೊತ್ತಿಗೆ ಅವರು ಎಲ್ಲರಿಗೂ 'ರೊಟ್ಟಿ ಸರ್' ಆಗಿದ್ದರು. "ಬಸವರಾಜ, ಮೂವತ್ತು ವರ್ಷ ಆಫೀಸಿನಾಗ ಯಾರೂ ನನಗ ಅಡ್ಡ ಹೆಸರು ಇಟ್ಟಿದ್ದಿಲ್ಲ ನೋಡು," ಅಂತ ಖುಷಿಪಟ್ಟರು. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದೆವು. ಇಲಿಯಾಸ್ ಭಾಯಿ ಕೆಲಸ ಬಿಟ್ಟ ಮೇಲೆ ದಾರಿಯಲ್ಲಿ ನನ್ನ ಮಾತಿನಲ್ಲಿ ಮಾತಾಡುವವರು ಸಿಕ್ಕಿರಲಿಲ್ಲ.

ಎರಡನೆಯ ದಿನ ಕೊತ್ತಗೂಡೆಂ ದಾಟಿದ ಮೇಲೆ ನೇರ ರಸ್ತೆಯಲ್ಲಿ ಅವರ ಬೈಕು ಮೆಲ್ಲಗೆ ಬಲಕ್ಕೆ ಸರಿಯಿತು. ಮಧ್ಯದ ಗೆರೆ ದಾಟಿ ಮತ್ತೆ ಒಳಗೆ ಬಂತು. ಕನ್ನಡಿಯಲ್ಲಿ ಕಂಡೆ. ಅರ್ಧ ತಾಸಿನ ಮೇಲೆ ಇನ್ನೊಮ್ಮೆ. ಚಹಾಕ್ಕೆ ನಿಂತಾಗ ಕೇಳಿದೆ.

"ಲಾರಿ ಧೂಳು ಕಣ್ಣಾಗ ಹೋಗಿತ್ತು," ಅಂದರು.

ಮೂರನೆಯ ದಿನ ಚಿಂತೂರಿನಲ್ಲಿ ಅವರ ಕೈ ಹಿಡಿದೆ. ತಣ್ಣಗಿತ್ತು, ಒದ್ದೆಯಾಗಿತ್ತು. ಕೈ ಬಿಡದೆಯೇ ಕೇಳಿದೆ, "ಸಾಹೇಬ್ರ, ಏನಾರ ಗುಳಿಗಿ ತಗೋತೀರೇನು?"

"ಬಿಪಿದು. ಹೋದ ವಾರ ಹೊಸಾದ ಕೊಟ್ಟಾರ. ಅದಕ್ಕೇನಾತು?"

"ತಲಿ ತಿರಗತೈತೇನ್ರಿ?"

"ಶುರುವಿಗೆ ಒಂದೀಟ ಹಂಗ ಆಗಬಹುದು ಅಂತ ಡಾಕ್ಟರ್ ಹೇಳ್ಯಾರ. ಅವರು ಹೇಳತಾನೇ ಇರತಾರ. ನಡಿ, ಮ್ಯಾಲ ಹೋಗೂಣು."

ನಾನು ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದೆ, "ಚಾವಿ ಕೊಡ್ರಿ ಸಾಹೇಬ್ರ. ಇವತ್ತ ವ್ಯಾನಿನಾಗ ಬರ್ರಿ."

ಅವರು ಮೊದಲು ನಕ್ಕರು. ನಾನು ನಗದೆ ನಿಂತದ್ದು ನೋಡಿ ಅವರ ಮುಖ ಬದಲಾಯಿತು. "ನೀ ಹುಟ್ಟೂಕಿಂತ ಮೊದಲಿನಿಂದ ಗಾಡಿ ಹೊಡ್ಯಾಕತ್ತೀನಿ," ಅಂದರು. ಅದು ಸುಳ್ಳು, ನನಗಿಂತ ಅವರು ನಾಲ್ಕೇ ವರ್ಷ ದೊಡ್ಡವರು. ದನಿ ಏರಿತು. ಆ ಐದು ಜನರೂ ಹೆಲ್ಮೆಟ್ ತೆಗೆದು ಹತ್ತಿರ ಬಂದರು. ವಿಷಯ ತಿಳಿದು ಎಲ್ಲರೂ ಅವರ ಕಡೆಗೇ ನಿಂತರು. ಒಬ್ಬ ಹುಡುಗಿ, ರೊಟ್ಟಿ ಸರ್ ಬರದಿದ್ದರೆ ತಾನೂ ಹತ್ತುವುದಿಲ್ಲ ಅಂತ ನೆಲದ ಮೇಲೆ ಕೂತಳು. ಮಹಾಂತೇಶ ಸಾಹೇಬರು ಪ್ರಸಾದ್ ಗಾರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಬಸವರಾಜ್ ಗಾರು, ಕೊಂಚೆಂ ಅಡ್ಜಸ್ಟ್ ಚೇಯಂಡಿ," ಅಂದರು ಮಾಲೀಕರು. ಸ್ವಲ್ಪ ಹೊಂದಿಸಿಕೊಂಡು ಹೋಗಿ. "ದೊಡ್ಡ ಮನುಷ್ಯರು, ಬೇಜಾರು ಮಾಡಬೇಡಿ."

"ಆಗೋದಿಲ್ಲ ಸರ್," ಅಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಏನೂ ಖಾತ್ರಿ ಇರಲಿಲ್ಲ. ಧೂಳೇ ಇದ್ದಿರಬಹುದು. ಚಿಂತೂರಿನ ಮುಂಜಾವಿಗೆ ಯಾರ ಕೈಯಾದರೂ ತಣ್ಣಗೆ ಇರುತ್ತದೆ.

ಮಹಾಂತೇಶ ಸಾಹೇಬರು ಚಾವಿಯನ್ನು ನನ್ನ ಕೈಗೆ ಕೊಡಲಿಲ್ಲ. ಚಹಾ ಅಂಗಡಿಯ ಬೆಂಚಿನ ಮೇಲಿಟ್ಟು ವ್ಯಾನಿನ ಕಡೆ ನಡೆದರು. ಹೋಗುವಾಗ ಹೇಳಿದರು: "ಬ್ಯಾರೇ ಯಾರರ ಮಾಡಿದ್ರ ತಡಕೋತಿದ್ದೆ. ನಮ್ಮಾಂವ ಆಗಿ ನೀ ಮಾಡಿದಿ."

ಅಂದು ಘಾಟು ಹತ್ತಿದೆವು. ಒಳ್ಳೆಯ ಬಿಸಿಲಿತ್ತು, ರಸ್ತೆ ಒಣಗಿತ್ತು, ಎಲ್ಲೂ ಏನೂ ಆಗಲಿಲ್ಲ. ಡ್ಯಾನಿಯಲ್ ಬಿದ್ದ ತಿರುವಿನಲ್ಲಿ ನಾನು ಪ್ರತಿ ಸಲದ ಹಾಗೆ ವೇಗ ಇಳಿಸಿದೆ. ಮುಂದಿನ ದಿನಗಳಲ್ಲೂ ನಾನು ಅವರಿಗೆ ಚಾವಿ ಕೊಡಲಿಲ್ಲ. ಗುಳಿಗೆ ನಿಲ್ಲಿಸಿ ಅಂತ ಹೇಳಲು ನಾನು ಡಾಕ್ಟರಲ್ಲ, ಗುಳಿಗೆ ತೆಗೆದುಕೊಂಡು ಗುಡ್ಡ ಹತ್ತಿ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. ಅವರು ಅರಕು ತನಕ ಸಾಮಾನಿನ ಚೀಲಗಳ ನಡುವೆ ಕೂತು ಬಂದರು. ಊಟಕ್ಕೆ ಬೇರೆ ಮೇಜಿಗೆ ಕೂಡುತ್ತಿದ್ದರು. ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಎಲ್ಲರನ್ನೂ ತಬ್ಬಿಕೊಂಡು ಬೀಳ್ಕೊಂಡರು. ನನ್ನನ್ನು ಬಿಟ್ಟು. ಆಮೇಲೆ ಕಂಪನಿಗೆ ಎರಡು ಪುಟದ ಕಾಗದ ಬರೆದರು. ಪ್ರಸಾದ್ ಗಾರು ಒಂದು ಸೀಸನ್ನು ನನ್ನನ್ನು ಮುಂದಿನ ಗೈಡ್ ಕೆಲಸದಿಂದ ಇಳಿಸಿ ಮತ್ತೆ ಕೊನೆಯ ಬೈಕಿಗೆ ಹಾಕಿದರು. ಅದರಿಂದ ನನಗೆ ದುಃಖವಾಗಲಿಲ್ಲ, ಆ ಜಾಗ ನನಗೆ ಒಗ್ಗುತ್ತಿತ್ತು. ದುಃಖ ಬೇರೆ ಇತ್ತು. ತಪ್ಪು ಮಾಡಿದಾಗ ಅದು ತಪ್ಪು ಅಂತ ಕಣ್ಣೆದುರಿಗೇ ಬಿದ್ದು ತೋರಿಸಿತು. ಸರಿ ಮಾಡಿದಾಗ, ಅಥವಾ ಸರಿ ಅಂದುಕೊಂಡು ಮಾಡಿದಾಗ, ತೋರಿಸುವವರು ಯಾರೂ ಇಲ್ಲ.

ಅನಿತಾ, ನವೀನ, ನಿಮಗೆ ನಾನು ಆ ದಿನ ಹೇಳಬೇಕಾಗಿದ್ದು ಇದು. ಚಾವಿ ಕೇಳುವ ದಿನ ನಿಮಗೂ ಬರುತ್ತದೆ. ನೀವು ಕೇಳಿದರೆ ಒಬ್ಬ ಮನುಷ್ಯನ ಮರ್ಯಾದೆ ಹೋಗುತ್ತದೆ, ಐದು ಜನ ನಿಮ್ಮನ್ನು ದ್ವೇಷಿಸುತ್ತಾರೆ, ಮಾಲೀಕರು ಫೋನ್ ಮಾಡುತ್ತಾರೆ, ಮತ್ತು ಘಾಟಿನಲ್ಲಿ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ನೀವು ಕಾರಣವೋ ಅಲ್ಲವೋ ಅಂತ ಯಾವತ್ತೂ ತಿಳಿಯುವುದಿಲ್ಲ. ಆದರೂ ಕೇಳಿ.

ಹೋದ ವರ್ಷ ನಾರಾಯಣಗೂಡದಲ್ಲಿ ನಮ್ಮ ಕಡೆಯವರೊಬ್ಬರ ಮದುವೆಗೆ ಹೋಗಿದ್ದೆವು. ಛತ್ರದ ಬಾಗಿಲಲ್ಲಿ ಮಹಾಂತೇಶ ಸಾಹೇಬರು ನಿಂತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಹೆಗಲ ಮೇಲೆ ಎರಡು ವರ್ಷದ ಮೊಮ್ಮಗಳು. ಅವಳು ಬಾಗಿಲಿಗೆ ಕಟ್ಟಿದ ಹೂವಿನ ಮಾಲೆಗೆ ಕೈ ಹಾಕಿ ಎಳೆಯುತ್ತಿದ್ದಳು, ಇವರು ಇನ್ನಷ್ಟು ಎತ್ತಿ ಕೊಡುತ್ತಿದ್ದರು. ನನ್ನನ್ನು ಕಂಡರು. ಗುರುತು ಹಿಡಿದರು ಅಂತ ಖಂಡಿತ ಗೊತ್ತಾಯಿತು, ಏಕೆಂದರೆ ನಗು ಅಲ್ಲಿಗೇ ನಿಂತಿತು. ಮುಖ ತಿರುಗಿಸಿದರು.

"ಯಾರ್ರಿ ಅವರು?" ಅಂತ ಮಹಾದೇವಿ ಕೇಳಿದಳು.

"ಒಮ್ಮೆ ನಮ್ಮ ಜೋಡಿ ಅರಕು ತನಕ ಬಂದಿದ್ದರು."

"ಹಂಗಾರ ಮಾತಾಡಸ್ರಿ."

"ಬ್ಯಾಡ. ಅವರಿಗೆ ನನ್ನ ಮ್ಯಾಲೆ ಸಿಟ್ಟೈತಿ."

ಊಟದ ಪಂಕ್ತಿಯಲ್ಲಿ ಅವರು ನನ್ನ ಎದುರಿನ ಸಾಲಿಗೇ ಕೂತರು. ಬೇರೆ ಜಾಗ ಇರಲಿಲ್ಲ. ತಲೆ ಎತ್ತದೆ ಉಂಡರು. ಮೊಮ್ಮಗಳಿಗೆ ಅನ್ನ ಕಲಸಿ ತಿನ್ನಿಸಿದರು. ಹೋಳಿಗೆ ಬಂದಾಗ ಒಂದು ಹಾಕಿಸಿಕೊಂಡು, ತುಪ್ಪ ಹಾಕಿಸಿಕೊಂಡು ಮುಗಿಸಿದರು. ಮುಂದೆ ಹೋಗಿದ್ದ ಬಡಿಸುವವನನ್ನು ಕರೆದು ಇನ್ನೊಂದು ಕೇಳಿದರು. ಅವನು ಆ ಸಾಲು ಮುಗಿಸಿ ನಮ್ಮ ಸಾಲಿಗೆ ಬಂದಾಗ, ನನಗೂ ಇನ್ನೊಂದು ಹಾಕು ಅಂದೆ.